ಸ್ಟೇನ್‌ಲೆಸ್ ರೇಟು

ಉಗುರ ಸಂದಿಯ ಕಪ್ಪು ಬಿಡುತ್ತಲೇ ಇರಲಿಲ್ಲ. ಶ್ರೀಲತಾ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅಪ್ಪನ ಬಲಗೈ ಉಗುರುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಮೂವತ್ತು ವರ್ಷದ ಲೇತಿನ ಗ್ರೀಸು. ಬದುಕಿದ್ದಾಗ ಹೋಗದ್ದು ಸತ್ತ ಮೇಲೆ ಹೋದೀತೆ? ಕೈ ಆಗಲೇ ಮರಗಟ್ಟಿತ್ತು. ಒಂದು ಬೆರಳು ಬಿಡಿಸಲು ಅವಳು ಎರಡೂ ಕೈ ಹಾಕಬೇಕಾಗುತ್ತಿತ್ತು.

“ಸಾಕು ಬುಡು ಮಗ,” ಅಂದರು ದೊಡ್ಡಪ್ಪ ಪೆದ್ದಣ್ಣ. “ಮಣ್ಣಿಗೋಗೋ ಕೈ. ಎಷ್ಟು ತೊಳದ್ರೂ ಅಷ್ಟೆಯ.”

“ಇರು ದೊಡ್ಡಪ್ಪ. ಇನ್ನೆಲ್ಡು ಬೆಳ್ಳು ಐತೆ.”

ಐ.ಡಿ.ಹಳ್ಳಿ ಕಾಲೋನಿಯ ಹೊಂಗೆ ಮರದ ಕೆಳಗೆ ಬೆಂಚಿನ ಮೇಲೆ ನರಸಿಂಹರಾಜುವನ್ನು ಮಲಗಿಸಿದ್ದರು. ಮಧುಗಿರಿಯಲ್ಲಿ ಅವನಿಗೊಂದು ಲೇತ್ ಶಾಪು, ಕಬ್ಬಿಣದ ಬಿಡಿಭಾಗ ಕಡೆದುಕೊಡುವ ಅಂಗಡಿ, ಇತ್ತು. ಅಲ್ಲಿ ದುಡಿದು ಬಾಳಿದವನು ಸತ್ತ ಮೇಲೆ ಹುಟ್ಟಿದೂರಿಗೆ ಬಂದಿದ್ದ. ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಅವನನ್ನು ರಾಜಣ್ಣ ಅಂತಲೇ ಕರೆಯುತ್ತಿದ್ದವರು, ಅವನ ಕೈಲಿ ಏನಾದರೊಂದು ರಿಪೇರಿ ಮಾಡಿಸಿಕೊಂಡವರು. ಸಾವಿನ ಮನೆಯಲ್ಲಿ ಹೊಗಳಿಕೆಗೆ ಬರ ಇಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ. ಆದರೆ ರಾಜಣ್ಣನ ವಿಷಯದಲ್ಲಿ ಜನ ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ.

“ಮಂಚೋಡು, ಒಳ್ಳೇನು ಕಣಮ್ಮ ನಿಮ್ಮಪ್ಪ,” ಅಂದಳು ಪಾವಗಡದ ಕಡೆಯ ಮುದುಕಿ ಮಂಜಮ್ಮ, ಶ್ರೀಲತಾಳ ಬೆನ್ನು ಸವರುತ್ತ. “ನಮ್ ರಾಗಿ ಮಿಷನ್ನು ಶಾಫ್ಟು ಮುರ್ಕಂಡಾಗ ನಿಂತ ನಿಲುವ್ನಾಗೆ ಮಾಡ್ಕೊಟ್ಟ. ಬೇರೆಯೋರ್ ತಾವ ಹೋಗಿದ್ರೆ ಸುಲ್ದಾಕ್ತಿದ್ರು.”

ಕೊಡಿಗೇನಹಳ್ಳಿಯಲ್ಲಿ ಬೋರ್‌ವೆಲ್ ಮೋಟರು ಇಳಿಸೋ ಕೆಲಸದ ಜಯರಾಮಯ್ಯ ತಲೆಯಾಡಿಸಿದ. “ಈಗ ಎಲ್ಲೇ ಹೋದ್ರೂ ಟೂಲ್ ಚಾರ್ಜು ಅಂತ ಒಂದು ಹಾಕ್ತಾರೆ. ರಾಜಣ್ಣ ಒಂದಿನ ಕೇಳ್ನಿಲ್ಲ. ಕೆಲ್ಸ ನಿಂದು, ಟೂಲು ನಂದು ಅನ್ನೋನು. ಕ್ಷೌರ ಮಾಡೋನು ಕತ್ತಿ ಸವೀತು ಅಂತ ದುಡ್ಡು ಕೇಳ್ತಾನಾ ಅನ್ನೋನು.”

ಕೂತವರೆಲ್ಲ ಹೌದು ಹೌದು ಅಂದರು. ಶ್ರೀಲತಾ ಉಗುರು ಉಜ್ಜುವುದನ್ನು ನಿಲ್ಲಿಸಿದಳು. ನಿಲ್ಲಿಸ್ರೋ ನಿಮ್ಮ ಹೊಗಳಿಕೆ ಅಂತ ಕೂಗಬೇಕೆನಿಸಿತು. ಇವರು ಯಾವುದನ್ನು ದೊಡ್ಡತನ ಅಂತ ಕೊಂಡಾಡುತ್ತಿದ್ದರೋ ಅದೇ ಅಪ್ಪನನ್ನು ಹಿಂದಿನ ದಿನ ಬಸ್ಸಿನಲ್ಲಿ ಕೂರಿಸಿ ಸಾಯಿಸಿತ್ತು.

ಬೆಂಗಳೂರಿನಿಂದ ವಾಪಸು ಬರುವ ಬಸ್ಸು ಅದು. ಕೊರಟಗೆರೆ ದಾಟಿದ ಮೇಲೆ ಅವನ ತಲೆ ಕಿಟಕಿಗೆ ಒರಗಿತಂತೆ. ನಿದ್ದೆ ಅಂದುಕೊಂಡ ಕಂಡಕ್ಟರು ಎಬ್ಬಿಸಲಿಲ್ಲ. ಮಧುಗಿರಿ ನಿಲ್ದಾಣದಲ್ಲಿ ಎಲ್ಲರೂ ಇಳಿದರು, ಅವನೊಬ್ಬ ಇಳಿಯಲಿಲ್ಲ. ತೊಡೆಯ ಮೇಲೆ ಬಟ್ಟೆ ಚೀಲವೊಂದಿತ್ತು. ಅದನ್ನು ಎತ್ತಿಕೊಟ್ಟ ಆಸ್ಪತ್ರೆಯವನು, ಏನಮ್ಮ ಇದು ಇಷ್ಟು ಭಾರ, ಕಲ್ಲಾ, ಅಂತ ಕೇಳಿದ್ದ.

ಕಲ್ಲಲ್ಲ, ಟಿಪ್. ಲೇತಿನಲ್ಲಿ ಕಬ್ಬಿಣ ಕೊರೆಯುವ ಟೂಲಿನ ತುದಿಗೆ ಸಿಕ್ಕಿಸುವ, ಹೆಬ್ಬೆರಳ ಉಗುರಿನಷ್ಟಿರುವ ಗಟ್ಟಿ ಬಿಲ್ಲೆ. ಅದಕ್ಕೆ ನಾಲ್ಕು ಮೂಲೆ. ಕೊರೆಯುವುದು ಆ ಮೂಲೆಯೇ. ಒಂದು ಸವೆದರೆ ತಿರುಗಿಸಿ ಇನ್ನೊಂದನ್ನು ಮುಂದೆ ಮಾಡಬೇಕು, ನಾಲ್ಕೂ ಸವೆದರೆ ಬಿಸಾಕಬೇಕು. ದೊಡ್ಡ ಕಾರ್ಖಾನೆಯವರು ಅಷ್ಟೆಲ್ಲ ತಾಳ್ಮೆಯಿಂದ ತಿರುಗಿಸುತ್ತಾ ಕೂರುವುದಿಲ್ಲ, ಒಂದೋ ಎರಡೋ ಮೂಲೆ ಉಳಿದಿರುವಾಗಲೇ ಎಸೆಯುತ್ತಾರೆ. ಅದು ಗುಜರಿಗೆ ಬರುತ್ತದೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಟೂಲು ನಂದು ಅಂದವನು ಆ ಟೂಲನ್ನು ತರುತ್ತಿದ್ದದ್ದು ಅಲ್ಲಿಂದ.

ಹತ್ತು ಗಂಟೆ ಹೊತ್ತಿಗೆ ಕಾಲೋನಿಯ ಬಾಯಲ್ಲಿ ಬಿಳಿ ಕಾರೊಂದು ನಿಂತಿತು. ಪ್ರಸನ್ನ ಕುಮಾರ್ ಇಳಿದ. ತುಮಕೂರಿನ ಪಕ್ಕದ ಪಂಪು ಕಾರ್ಖಾನೆಯಲ್ಲಿ ಸಾಮಾನು ಕೊಳ್ಳುವ ಅಧಿಕಾರಿ ಅವನು. ರಾಜಣ್ಣನ ಅಂಗಡಿಯ ಮುಕ್ಕಾಲು ಕೆಲಸ ಅವನ ಕಾರ್ಖಾನೆಯದೇ. ದಪ್ಪ ಸುಗಂಧರಾಜದ ಹಾರ ತಂದಿದ್ದ. ಹಾಕಿ ಕೈಮುಗಿದು ನಿಂತ. ಕಣ್ಣಲ್ಲಿ ನೀರೂ ಬಂತು, ಅದು ನಾಟಕದ ನೀರಲ್ಲ. ಆಮೇಲೆ ಪೆದ್ದಣ್ಣನ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

“ಯಜಮಾನ್ರೇ, ಇವತ್ತು ಈ ವಿಷಯ ಎತ್ತೋದು ತಪ್ಪು, ಗೊತ್ತು. ಆದ್ರೆ ರಾಜಣ್ಣ ನಂಗೊಂದು ಮಾತು ಕೊಟ್ಟಿದ್ರು. ಪಂಪಿನ ಶಾಫ್ಟು ಈಗ ಕಬ್ಬಿಣ ಬಿಟ್ಟು ಸ್ಟೇನ್‌ಲೆಸ್ ಮಾಡ್ತಿದೀವಿ. ಅದನ್ನೂ ಹಳೇ ರೇಟಿಗೇ, ವರ್ಷಪೂರ್ತಿ ಮಾಡ್ಕೊಡ್ತೀನಿ ಅಂದಿದ್ರು. ಅವರನ್ನ ನಂಬಿ ನಾನು ಮೇಲಿನವರಿಗೆ ಹೇಳ್ಬಿಟ್ಟಿದೀನಿ. ಸೋಮವಾರ ಆರ್ಡರ್ ಆಗ್ಬೇಕು.”

ಪೆದ್ದಣ್ಣ ಎದೆ ಸೆಟೆಸಿ ಕೂತರು. ಹೊಲ ಮನೆ ಯಾವುದರಲ್ಲೂ ಹೇಳಿಕೊಳ್ಳುವಂಥದ್ದು ಮಾಡದ ಮನುಷ್ಯ, ಆದರೆ ಮಾತಿಗೆ ತಪ್ಪಿದವರಲ್ಲ. “ನನ್ ತಮ್ಮ ಆಡಿದ ಮಾತು ಎಲ್ಲೂ ಹೋಗಕಿಲ್ಲ ಸಾ. ಗುಂಡಿ ತಾವ ಬನ್ನಿ. ನಮ್ಮಲ್ಲಿ ಮಾತು ಇಳ್ಸೋದು ಅಂತ ಐತೆ. ಮಣ್ಣು ಹಾಕಕ್ಮುಂಚೆ ಸತ್ತೋನು ಯಾರ್ಗೇನು ಮಾತು ಕೊಟ್ಟವ್ನೆ ಅಂತ ಕೇಳ್ತೀವಿ. ಅಲ್ಲಿ ನೀವು ಹೇಳಿ. ಅವ್ನ ಕಸುಬು ಇಡ್ದಿರೋ ಮಗಳು ಹೊತ್ಕಂಡೆ ಅಂತ ಒಂದು ಹಿಡಿ ಮಣ್ಣಾಕ್ತಾಳೆ. ಮುಗೀತು. ಅಲ್ಲಿ ಹೊತ್ತ ಮಾತ್ನ ಈ ಹೋಬಳೀಲಿ ಯಾರೂ ಇವತ್ತಿನವರ್ಗೂ ತಪ್ಪಿಲ್ಲ.”

ಬಟ್ಟೆ ಶ್ರೀಲತಾಳ ಕೈಯಿಂದ ಜಾರಿತು. ಹೊತ್ಕಂಡೆ ಅಂದರೆ ಅಂಗಡಿ ಈ ವರ್ಷ ದಾಟುವುದಿಲ್ಲ. ಅನ್ನದಿದ್ದರೆ ಅಪ್ಪ ಮಾತಿನ ಭಾರ ಹೊತ್ತುಕೊಂಡೇ ಮಣ್ಣಿಗೆ ಹೋಗಬೇಕು. ಊರೆಲ್ಲ ನಿಂತು ನೋಡುತ್ತದೆ.

*

ಟಿಪ್ ಆರಿಸುವ ಕೆಲಸ ನಡೆಯುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ. ಶ್ರೀಲತಾಳ ಅವ್ವ ಚಿಕ್ಕಹನುಮಕ್ಕ ಮೊರ ತರುತ್ತಿದ್ದಳು. ರಾಜಣ್ಣ ಚೀಲ ಬೋರಲು ಹಾಕುತ್ತಿದ್ದ. ಗಂಡ ಹೆಂಡತಿ ಎದುರುಬದುರು ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುವರು. ಒಂದೊಂದು ಟಿಪ್ಪಿನ ಒಂದೊಂದು ಮೂಲೆಯನ್ನೂ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಬೇಕು. ಉಗುರನ್ನು ಕಚ್ಚಿದರೆ ಆ ಮೂಲೆಯಲ್ಲಿ ಇನ್ನೂ ಜೀವ ಇದೆ, ಜಾರಿದರೆ ಸತ್ತಿದೆ.

“ನೋಡು, ಇದು ಕಚ್ತು,” ಅನ್ನುವಳು ಚಿಕ್ಕಹನುಮಕ್ಕ, ಮಗುವಿಗೆ ಹಲ್ಲು ಬಂದದ್ದನ್ನು ಹೇಳುವಂತೆ. ಅವಳಿಗೆ ಹತ್ತಿರದ್ದು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಉಗುರೇ ಅವಳ ಕಣ್ಣು.

“ನಿನ್ನಂಥ ಇನ್‌ಸ್ಪೆಕ್ಟರು ಯಾವ ಫ್ಯಾಕ್ಟರೀಲೂ ಇಲ್ಲ ಕಣೇ,” ಅಂತ ರಾಜಣ್ಣ ರೇಗಿಸುವನು.

“ಸಂಬ್ಳ ಕೊಡು ಮತ್ತೆ.”

“ಕೊಡನ. ಟಿಪ್ಪಿಗಾಕಿ ಉಳೀಲಿ.”

ಶ್ರೀಲತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಮಧುಗಿರಿಯಲ್ಲೇ ಟರ್ನರ್ ಕೆಲಸ ಕಲಿತು ನಾಲ್ಕು ವರ್ಷದಿಂದ ಅಪ್ಪನ ಪಕ್ಕದ ಲೇತಿನಲ್ಲಿ ನಿಲ್ಲುತ್ತಿದ್ದಳು. ಗುಜರಿ ಟಿಪ್ಪಿನ ಹಣೆಬರಹ ಅವಳಿಗೆ ಚೆನ್ನಾಗಿ ಗೊತ್ತು. ಅರ್ಧ ಕೆಲಸದಲ್ಲಿ ಚಟ್ ಅಂತ ಮುರಿಯುತ್ತದೆ. ಮುರಿದಾಗ ಶಾಫ್ಟಿನ ಮೇಲೆ ಗೀರು ಬಿದ್ದು ಮಾಲೂ ಹೋಗುತ್ತದೆ. ಹೋದ ಮಾಲಿನ ದುಡ್ಡನ್ನು ಕಾರ್ಖಾನೆಯವರು ಹಿಡಿದುಕೊಳ್ಳುತ್ತಾರೆ. ಕಬ್ಬಿಣಕ್ಕಾದರೆ ಹೇಗೋ ಏಗಬಹುದಿತ್ತು. ಸ್ಟೇನ್‌ಲೆಸ್ ಬೇರೆ ಜಾತಿಯದು, ಹೊಸ ಟಿಪ್ಪನ್ನೇ ಬಾಯಿ ಚಪ್ಪರಿಸಿಕೊಂಡು ತಿನ್ನುತ್ತದೆ. ಇದನ್ನು ತಿಳಿಯದವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ರಾಜಣ್ಣನೂ ಸೇರಿ.

*

ಹೆಣದ ಬಳಿಯಿಂದ ಎದ್ದ ಶ್ರೀಲತಾ ಪ್ರಸನ್ನ ಕುಮಾರನನ್ನು ಕಾರಿನ ಬಳಿ ಹಿಡಿದಳು. ಅವನು ಬಾಟಲಿಯ ನೀರು ಕುಡಿಯುತ್ತಿದ್ದ.

“ಸರ್, ಆ ರೇಟಲ್ಲಿ ಆಗಲ್ಲ. ಅಪ್ಪ ಹೇಳಿದ್ದು ಹಳೇ ಕಬ್ಬಿಣದ ಲೆಕ್ಕ. ಕರೆಂಟು ಕೂಲಿ ಎಲ್ಲ ಕಳೆದು ಒಂದು ಪೀಸಿಗೆ ಐದು ರೂಪಾಯಿ ಉಳಿಯೋದು. ಸ್ಟೇನ್‌ಲೆಸ್ಸಿಗೆ ಬರೀ ಟಿಪ್ಪಿಗೇ ಎಂಟು ರೂಪಾಯಿ ಹೋಗ್ತದೆ. ಪ್ರತಿ ಪೀಸಿಗೂ ನಾವೇ ಮೂರು ರೂಪಾಯಿ ಕೊಟ್ಟು ನಿಮ್ಗೆ ಶಾಫ್ಟು ಮಾಡ್ಕೊಟ್ಟಂಗೆ. ಟೂಲಿನ ಖರ್ಚು ಮಾತ್ರ ಸೇರ್ಸಿ ಸರ್. ಲಾಭ ಕೇಳ್ತಿಲ್ಲ.”

“ನಂಗೆ ಗೊತ್ತಿಲ್ವೇನಮ್ಮ?” ಅಂದ ಪ್ರಸನ್ನ ಕುಮಾರ್ ಮೆತ್ತಗೆ. “ನಿಮ್ಮಪ್ಪಂಗೂ ಗೊತ್ತಿತ್ತು. ಆದ್ರೂ ಅವರಾಗೇ ಹೇಳಿದ್ದು. ಈಗ ರೇಟು ಏರ್ಸಿದ್ರೆ ಮೇಲಿನವರು ನನ್ನನ್ನ ಕೇಳ್ತಾರೆ, ನೀನ್ಯಾಕೆ ಒಪ್ಕೊಂಡಿದ್ದೆ ಅಂತ. ನನ್ನ ಕೆಲಸಾನೂ ಗಟ್ಟಿಯಿಲ್ಲ ಕಣಮ್ಮ. ನಿಮ್ಮ ಮನೆಗೆ ಅನ್ನ ಆಗ್ಲಿ ಅಂತ ಈ ಆರ್ಡರ್ ಇಲ್ಲೇ ಹಿಡ್ಕೊಂಡಿದೀನಿ.”

“ಅನ್ನ ಆಗಲ್ಲ ಸರ್. ಅಂಗಡಿ ಮುಚ್ತದೆ.”

“ಇವತ್ತು ಬೇಡ. ಅಳ್ಬೇಡ. ದೊಡ್ಡಪ್ಪ ಹೇಳ್ದಂಗೆ ಆಗ್ಲಿ.” ಅವನು ಅವಳ ತಲೆ ಮುಟ್ಟಿ ನೆರಳಿಗೆ ಹೋದ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಎರಡೂ ನಿಜವಾದದ್ದೇ, ಅದಕ್ಕೇ ಅವನನ್ನು ಬೈಯಲೂ ಬಾಯಿ ಬರಲಿಲ್ಲ.

ಮಹಾಲಿಂಗಯ್ಯ ಇದನ್ನೆಲ್ಲ ಹೊಂಗೆ ಬೊಡ್ಡೆಗೆ ಒರಗಿಕೊಂಡು ಕೇಳಿಸಿಕೊಂಡಿದ್ದರು. ಮಧುಗಿರಿಯ ಅದೇ ರಸ್ತೆಯಲ್ಲಿ ಅವರದೂ ಒಂದು ಲೇತ್ ಶಾಪು. ಬೆಳಿಗ್ಗೆಯಿಂದ ರಾಜಣ್ಣನನ್ನು ಹೊಗಳದೆ ಸುಮ್ಮನೆ ನಿಂತಿದ್ದವರು ಅವರೊಬ್ಬರೇ.

“ಎಂಟಲ್ಲ, ಒಂಬತ್ತು ಬೀಳ್ತದೆ,” ಅಂದರು. “ಈಗ ಟಿಪ್ಪಿನ ರೇಟು ಏರೈತೆ.”

“ನೀವು ಟೂಲ್ ಚಾರ್ಜು ಹಾಕ್ತೀರಲ್ಲ ಮಾಮ.”

“ಹಾಕ್ತಿದ್ದೆ.” ಮಹಾಲಿಂಗಯ್ಯ ನೆಲ ನೋಡಿದರು. “ಹಾಕ್ದಾಗೆಲ್ಲ ಜನ ಏನಂತಿದ್ರು ಗೊತ್ತಾ? ಅಲ್ಲಿ ರಾಜಣ್ಣ ಹಾಕಲ್ಲ, ನಿಂದ್ಯಾಕೆ ಅನ್ನೋರು. ಹೆಣದ ಮುಂದೆ ಹೇಳ್ಬಾರ್ದು. ನಿಮ್ಮಪ್ಪ ಕೇಳ್ನಿಲ್ಲ ಅಂತ ನಾನೂ ಕೇಳಕಾಗ್ನಿಲ್ಲ ಕಣಮ್ಮ. ಎಲ್ಡು ಲೇತಿದ್ದವು, ಒಂದು ಮಾರ್ದೆ. ಇನ್ನೊಂದು ತಿರುಗಿ ತಿಂಗಳ ಮೇಲಾಯ್ತು.”

ಅಪ್ಪ ತನ್ನ ಕೈ ಮಾತ್ರ ಸುಟ್ಟುಕೊಂಡಿದ್ದಾನೆ ಅಂದುಕೊಂಡಿದ್ದಳು ಶ್ರೀಲತಾ.

“ಮತ್ಯಾಕೆ ಬಂದ್ರಿ ಮಾಮ?”

“ಏನಮ್ಮ ಇಂಗಂತೀಯ. ಒಂದೇ ಕಸುಬಿನೋನು. ಬರ್ದೆ ಇರಕಾಗ್ತದಾ?”

*

ಆ ರೇಟಿನ ಬಗ್ಗೆ ಅಪ್ಪ ಮಗಳ ನಡುವೆ ಜಗಳ ಆಗಿದ್ದದ್ದು ಹಿಂದಿನ ವಾರ. ಶ್ರೀಲತಾ ಕೊಟೇಶನ್ ಬರೆದಿದ್ದಳು. ಕೂಲಿ, ಕರೆಂಟು, ಅದರ ಕೆಳಗೆ ಟೂಲಿನ ಖರ್ಚು ಅಂತ ಬೇರೆ ಸಾಲು. ಲೇತು ನಿಲ್ಲಿಸಿ ರಾಜಣ್ಣ ಓದಿದ. ಆ ಸಾಲನ್ನು ಬೆರಳಿನಿಂದ ಮುಚ್ಚಿದ. ಹಾಳೆಯ ಮೇಲೆ ಎಣ್ಣೆಯ ಗುರುತು ಬಿತ್ತು.

“ಇದು ಬ್ಯಾಡ ಮಗ.”

“ಯಾಕಪ್ಪ? ಊರಿಗೆಲ್ಲ ಇರೋ ಖರ್ಚು ನಮ್ಗಿಲ್ವಾ?”

ರಾಜಣ್ಣ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ. “ಈ ಅಂಗ್ಡಿ ಬಾಗ್ಲು ತೆಗೆದ ಮೊದಲ್ನೇ ವಾರ ಒಬ್ಬ ಟ್ರಾಕ್ಟ್ರು ಪಿನ್ನು ತಂದ. ದೊಡ್ಡ ಹೊಲ ಇದ್ದೋನು. ಕೈಗೆ ಕೊಡಾಕ್ಮುಂಚೆ ಯಾವೂರು ಅಂದ. ಐ.ಡಿ.ಹಳ್ಳಿ ಅಂದೆ. ಊರೊಳಗಾ, ಕಾಲೋನಿನಾ ಅಂದ. ಹೇಳ್ದೆ. ಪಿನ್ನು ವಾಪಸ್ ಜೇಬಿಗಾಕ್ಕಂಡು ಹೋಗ್ಬುಟ್ಟ. ಸಾಯಂಕಾಲ ತಿರ್ಗ ಬಂದ. ಬೇರೆಯೋರು ಟೂಲ್ ದುಡ್ಡೂ ಕೇಳಿದ್ರಂತೆ. ನಾನು ಕೇಳ್ನಿಲ್ಲ. ಅವತ್ತಿಂದ ಅವ್ನು ಸಾಯೋವರ್ಗೂ ನನ್ ಹತ್ರಾನೇ ಬಂದ, ಇನ್ನೂ ಹತ್ತು ಜನಾನ ಕರ್ಕಂಬಂದ. ರೇಟು ಒಂದೇ ಆಗಿದ್ರೆ ನಮ್ ಬಾಗ್ಲಿಗೆ ಯಾರು ಬತ್ತಿದ್ರು?”

“ಅದು ಮೂವತ್ತು ವರ್ಷದ ಹಿಂದಿನ ಮಾತಪ್ಪ. ಈಗ ಯಾರು ಕೇಳ್ತಾರೆ?”

“ಈಗ ಬಾಯಲ್ಲಿ ಕೇಳಲ್ಲ, ಅಷ್ಟೆಯ.”

“ಪ್ರಸನ್ನ ಕುಮಾರ್ ಸರ್ ಕೇಳಿದ್ರಾ ಯಾವತ್ತಾದ್ರೂ?”

“ಕೇಳಿಲ್ಲ. ಕೇಳೋ ಹಂಗೆ ನಾನು ಮಾಡಿಲ್ಲ.” ಅವನು ಎದ್ದು ಫೋನು ತೆಗೆದುಕೊಂಡ. ಅವಳ ಎದುರಿಗೇ ಮಾತಾಡಿದ. ಹೂಂ ಸರ್, ಹಳೇ ರೇಟೇ ಸರ್, ವರ್ಷಪೂರ್ತಿ ಸರ್, ನನ್ ಮಾತು ಸರ್. ಫೋನು ಇಟ್ಟು, “ಹೊಸ ಟಿಪ್ಪಿಂದ ತಾನೇ ನಿಂಗೆ ಚಿಂತೆ? ಗುರುವಾರ ಬೆಂಗ್ಳೂರಿಗೆ ಹೋಗ್ಬತ್ತೀನಿ. ಗುಜರೀಲಿ ಈಗ ಸ್ಟೇನ್‌ಲೆಸ್ಸಿಂದೂ ಸಿಗ್ತವಂತೆ,” ಅಂದ.

ಅಪ್ಪನ ಹೆದರಿಕೆ ಅವನ ಗ್ರೀಸಿಗಿಂತ ಹಳೆಯದು, ಯಾವ ಎಣ್ಣೆಗೂ ಬಿಡುವಂಥದ್ದಲ್ಲ ಅಂತ ಶ್ರೀಲತಾಳಿಗೆ ಆವತ್ತು ಅನಿಸಿತು. ಸಿಟ್ಟು ಬಂತು, ಕರುಣೆಯೂ ಬಂತು. ಅವಳು ಹಾಳೆ ಹರಿದು ಆ ಸಾಲಿಲ್ಲದೆ ಇನ್ನೊಂದು ಬರೆದಳು.

*

ಹೆಣ ಎತ್ತುವ ಮುಂಚೆ ಶ್ರೀಲತಾ ಒಳಗೆ ಹೋದಳು. ಚಿಕ್ಕಹನುಮಕ್ಕ ಗೋಡೆಗೆ ಒರಗಿ ಕೂತಿದ್ದಳು. ಅತ್ತೂ ಅತ್ತೂ ಸಾಕಾಗಿ ಈಗ ಬರೀ ಕೂತಿದ್ದಳು.

“ಅವ್ವ, ದೊಡ್ಡಪ್ಪುಂಗೆ ನೀನೊಂದು ಮಾತು ಹೇಳು. ಆ ಸ್ಟೇನ್‌ಲೆಸ್ ಮಾತ್ನ ಗುಂಡಿ ತಾವ ಇಳಿಸ್ಬ್ಯಾಡ ಅನ್ನು. ನೀ ಹೇಳಿದ್ರೆ ಕೇಳ್ತಾನೆ.”

“ಇಳಿಸ್ಲಿ,” ಅಂದಳು ಚಿಕ್ಕಹನುಮಕ್ಕ. “ಮೂವತ್ತು ವರ್ಷ ಊರೋರ್ದೆಲ್ಲ ಹೊತ್ತ. ಹೋಗ್ವಾಗಾದ್ರೂ ಹಗುರಾಗಿ ಹೋಗ್ಲಿ.”

“ಹೊತ್ಕಂಡ್ರೆ ಅಂಗ್ಡಿ ಉಳಿಯಕಿಲ್ಲ ಅವ್ವ.”

“ಉಳೀದಿದ್ರೆ ಹೋಗ್ಲಿ.”

“ಆಮೇಲೆ ನಾನೇನ್ ಮಾಡ್ಲಿ? ನಂಗಿನ್ಯಾವ ಕೆಲ್ಸ ಬತ್ತದೆ? ಗಾರ್ಮೆಂಟ್ಸಿಗೆ ಹೋಗ್ಲಾ? ನೀನೇನ್ ಮಾಡ್ತೀಯ?”

ಚಿಕ್ಕಹನುಮಕ್ಕ ಮಗಳ ಕೈ ಹಿಡಿದುಕೊಂಡಳು. ಆ ಕೈಗೆ ಡೀಸೆಲ್ ವಾಸನೆ ಇತ್ತು. “ನಂಗೊತ್ತಿಲ್ಲ ಮಗ,” ಅಂದಳು. “ನನ್ನ ಏನೂ ಕೇಳ್ಬ್ಯಾಡ ಇವತ್ತು.”

ಹೊರಗೆ ತಮಟೆ ಶುರುವಾಯಿತು. ಯಾರೋ ಹೊರಗಿನಿಂದ ಹೊತ್ತಾಯ್ತು ಅಂದರು.

ಪೆದ್ದಣ್ಣನ ಮಗ ಸುರೇಶ ಮುಂದೆ ನಡೆದ. ಕಾಲೋನಿಯ ಮಸಣ ಕೆರೆಯ ಹಿಂದಿನ ಕಲ್ಲುನೆಲ. ಅಲ್ಲಿ ಆಳ ಅಗೆಯಬೇಕಾದರೆ ಹಾರೆಯ ಜೀವ ಹೋಗುತ್ತದೆ, ಬೆಳಿಗ್ಗೆಯಿಂದ ನಾಲ್ವರು ಸೇರಿ ಎದೆಮಟ್ಟ ಮಾಡಿದ್ದರು. ಹೆಂಗಸರೂ ಗುಂಡಿಯ ತನಕ ಬರುವ ರೂಢಿ ಅವರಲ್ಲಿ. ರಾಜಣ್ಣನನ್ನು ಇಳಿಸಿದರು. ಸುಗಂಧರಾಜದ ಹಾರ ಮೇಲೆ ಉಳಿಯಿತು, ಅದನ್ನು ಯಾರೋ ಎತ್ತಿ ಒಳಗೆ ಹಾಕಿದರು.

ಪೆದ್ದಣ್ಣ ಗುಂಡಿಯ ತಲೆಯ ಕಡೆ ನಿಂತು ತಮಟೆ ನಿಲ್ಲಿಸಲು ಕೈ ಮಾಡಿದರು. “ನರಸಿಂಹರಾಜು ಯಾರ್ಗೆ ಏನು ಮಾತು ಕೊಟ್ಟವ್ನೆ? ಇದ್ರೆ ಇಳಿಸ್ರಿ.”

ಜಯರಾಮಯ್ಯ ಮುಂದೆ ಬಂದ. “ನಮ್ ಮೋಟ್ರಿನ ಬುಷ್ಷು ಮಾಡ್ಕೊಡ್ತೀನಿ ಅಂದಿದ್ದ.”

“ಹೊತ್ಕಂಡೆ,” ಅಂದಳು ಶ್ರೀಲತಾ. ಒಂದು ಹಿಡಿ ಮಣ್ಣು ಹಾಕಿದಳು.

“ನನ್ ಮಿಷನ್ನಿನ ಹಲ್ಲು ಸರಿಮಾಡ್ಕೊಡ್ತೀನಿ ಅಂದಿದ್ದ ನನ್ನಪ್ಪ,” ಅಂದಳು ಮಂಜಮ್ಮ.

“ಹೊತ್ಕಂಡೆ.”

ಇಂಥವು ಇನ್ನೂ ಕೆಲವು ಬಂದವು. ಒಬ್ಬನ ನೇಗಿಲ ಕುಳ, ಶಾಲೆಯ ಗೇಟಿನ ಒಂದು ತಿರುಗಣಿ. ಎಲ್ಲವೂ ಪುಕ್ಕಟೆಯವೇ. ಶ್ರೀಲತಾ ಒಂದನ್ನೂ ಬಿಡಲಿಲ್ಲ. ಪ್ರತಿ ಸಲ ಬಗ್ಗಿ ಮಣ್ಣು ತೆಗೆಯುವಾಗ ಒಳಗಿದ್ದ ಅಪ್ಪನ ಮುಖ ಕಾಣುತ್ತಿತ್ತು. ಮಾಡುತ್ತೇನೆ ಅಪ್ಪ, ಇದನ್ನೆಲ್ಲ ಮಾಡುತ್ತೇನೆ ಅಂದುಕೊಂಡಳು.

ಪೆದ್ದಣ್ಣ ಕಣ್ಸನ್ನೆ ಮಾಡಿದ ಮೇಲೆ ಪ್ರಸನ್ನ ಕುಮಾರ್ ಶೂ ಬಿಚ್ಚಿ ಬಂದ. ಅವನಿಗೆ ಮುಜುಗರವಾಗುತ್ತಿತ್ತು. ಕೈಮುಗಿದುಕೊಂಡೇ ಹೇಳಿದ. “ಸ್ಟೇನ್‌ಲೆಸ್ ಶಾಫ್ಟು, ಹಳೇ ರೇಟು, ವರ್ಷಪೂರ್ತಿ. ರಾಜಣ್ಣ ಮಾತು ಕೊಟ್ಟಿದ್ರು.”

ಎಲ್ಲರೂ ಶ್ರೀಲತಾಳ ಕಡೆ ನೋಡಿದರು. ಅವಳ ಹಿಡಿಯಲ್ಲಿ ಮಣ್ಣಿತ್ತು. ಹೊತ್ಕಂಡೆ ಅನ್ನಲು ಬಾಯಿ ತೆರೆದಳು, ಅದು ನಿಜ. ಅಂದುಬಿಟ್ಟರೆ ಮುಗಿಯುತ್ತಿತ್ತು. ಆಮೇಲೆ ಅವಳಿಗೆ ಕಂಡದ್ದು ಇಷ್ಟು. ತಾನೂ ಒಂದು ಗುರುವಾರ ಬಸ್ಸು ಹತ್ತಬೇಕು, ಅವ್ವ ಮೊರ ತರಬೇಕು, ಉಗುರಿಗೆ ಎಳೆದು ನೋಡುತ್ತಾ ಕೂರಬೇಕು. ಅದೂ ಎಷ್ಟು ದಿನ?

“ಇದನ್ನ ನಾನು ಹೊರಕಿಲ್ಲ,” ಅಂದಳು.

“ಏನಂದೆ?” ಅಂದರು ಪೆದ್ದಣ್ಣ.

“ಹೊರಕಿಲ್ಲ ದೊಡ್ಡಪ್ಪ. ಆ ರೇಟ್ನಾಗೆ ಟಿಪ್ಪಿನ ದುಡ್ಡಿಲ್ಲ. ಇಲ್ಲ ಅಂತಾನೇ ಅಪ್ಪ ಗುಜರೀಗೆ ಹೋಗಿದ್ದು. ಹೋಗಿದ್ದಕ್ಕೇ ಇಂಗೆ ಬಂದಿರೋದು. ಕಡೇಗೆ ನೀವೆಲ್ಲ ಸೇರಿ ಅದನ್ನೇ ನನ್ ತಲೆಮೇಲೆ ಇಡ್ತಿದೀರಿ.”

ಪೆದ್ದಣ್ಣ ಗುಂಡಿಯ ಕಡೆ ಕೈ ತೋರಿಸಿದರು. “ಇನ್ನೂ ಮಣ್ಣು ಬಿದ್ದಿಲ್ಲ, ಆಗ್ಲೇ ಲೆಕ್ಕ ತೆಗೀತೀಯಲ್ಲೇ. ಅವ್ನು ಕೇಳಿಸ್ಕಂತಾವ್ನೆ ಕಣೇ ಒಳಗೆ.”

“ಕೇಳಿಸ್ಕಳ್ಲಿ. ಬದುಕಿದ್ದಾಗ ಕೇಳ್ನಿಲ್ಲ.” ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಹಿಡಿಯಲ್ಲಿದ್ದ ಮಣ್ಣನ್ನು ಪಕ್ಕಕ್ಕೆ ಬಿಟ್ಟಳು, ಗುಂಡಿಗೆ ಹಾಕಲಿಲ್ಲ. “ಅಪ್ಪಯ್ಯ, ತಪ್ಪು ತಿಳ್ಕಬ್ಯಾಡ. ನನ್ ಕೈಲಿ ಆಗಲ್ಲ.”

ಪೆದ್ದಣ್ಣ ಚಿಕ್ಕಹನುಮಕ್ಕನ ಕಡೆ ತಿರುಗಿದರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಮಗಳಿಗೆ ಹೊರು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸುರೇಶ ಸಲಿಕೆ ಹಿಡಿದು ಅಪ್ಪನ ಮುಖ ನೋಡಿದ. ಮಾತು ಉಳಿದ ಗುಂಡಿಗೆ ಸಲಿಕೆ ಹಾಕುವ ಹಾಗಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು, ರಾಜಣ್ಣನ ಮುಖದ ಮೇಲೂ ಬೀಳುತ್ತಿತ್ತು.

“ಮನೇರು ಹೊರ್ದಿದ್ರೆ ಅದೇ ಕಸುಬಿನೋರು ಯಾರಾನ ಹೊರ್ಬೋದು,” ಅಂದ ಹಿರಿಯನೊಬ್ಬ ಹಿಂದಿನಿಂದ. “ಹಂಗೂ ಐತೆ. ಕುರಿಯೋನ ಮಾತ್ನ ಕುರಿಯೋನು ಹೊತ್ತಿದ್ದ ನಮ್ಮ ಕಾಲ್ದಲ್ಲಿ.”

ಪ್ರಸನ್ನ ಕುಮಾರ್ ತಲೆಯೆತ್ತಿದ. ಅವನ ಕಣ್ಣು ಗುಂಪಿನ ಅಂಚಿಗೆ ಹೋಯಿತು. “ಮಹಾಲಿಂಗಯ್ಯನವರೇ,” ಅಂದ, ಆದಷ್ಟು ಮೆಲ್ಲಗೆ. “ನೀವು ಮಾಡ್ತೀರಾ? ಅದೇ ರೇಟು. ಸೋಮವಾರನೇ ಆರ್ಡರ್ ಕೊಡ್ತೀನಿ.”

ಶ್ರೀಲತಾ ಮಹಾಲಿಂಗಯ್ಯನವರನ್ನು ನೋಡಿ ತಲೆ ಅಲ್ಲಾಡಿಸಿದಳು, ಬೇಡ ಮಾಮ ಅಂತ. ಒಂಬತ್ತು ರೂಪಾಯಿಯ ಲೆಕ್ಕ ಹೇಳಿದ ಮನುಷ್ಯ. ಅವರೂ ಇಲ್ಲ ಅಂದುಬಿಟ್ಟರೆ ಈ ರೇಟು ಇಲ್ಲೇ ಸಾಯುತ್ತದೆ, ಪ್ರಸನ್ನ ಕುಮಾರ್ ಮೇಲಿನವರ ಹತ್ತಿರ ಹೋಗಿ ಟೂಲಿನ ಖರ್ಚಿಲ್ಲದೆ ಯಾರೂ ಒಪ್ಪುತ್ತಿಲ್ಲ ಅನ್ನಲೇಬೇಕಾಗುತ್ತದೆ. ಅಷ್ಟೊಂದನ್ನು ಅವಳು ಕಣ್ಣಲ್ಲೇ ಹೇಳಲು ನೋಡಿದಳು. ತಿಂಗಳಿಂದ ಲೇತು ತಿರುಗದ ಮನುಷ್ಯ ಅವರು, ಅವಳ ಕಣ್ಣು ತಪ್ಪಿಸಿದರು.

ಜನ ದಾರಿ ಬಿಟ್ಟರು. ಮಹಾಲಿಂಗಯ್ಯ ಚಪ್ಪಲಿ ಬಿಟ್ಟು ಬಂದು ಗುಂಡಿಯ ಬದಿಯಲ್ಲಿ ಬಗ್ಗಿದರು. ಮಣ್ಣು ಗಟ್ಟಿ ಹೆಂಟೆ, ಕೈಗೆ ಬರಲಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ಪುಡಿಮಾಡಿ ಒಂದು ಹಿಡಿ ತುಂಬಿಕೊಂಡರು.

“ಹೊತ್ಕಂಡೆ,” ಅಂದರು.

ಗುಂಪಿನಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಪೆದ್ದಣ್ಣ ಕಣ್ಣೊರೆಸಿಕೊಂಡು, ಹಗುರಾದ ನನ್ ತಮ್ಮ ಅಂದರು. ತಮಟೆ ಮತ್ತೆ ಶುರುವಾಯಿತು. ಪ್ರಸನ್ನ ಕುಮಾರ್ ಶೂ ಹುಡುಕತೊಡಗಿದ.

ಮಣ್ಣು ಬಿದ್ದಾಗಿತ್ತು. ಮಹಾಲಿಂಗಯ್ಯನವರ ಕೈ ಮಾತ್ರ ಗುಂಡಿಯ ಮೇಲೆ ಹಾಗೇ ಚಾಚಿಕೊಂಡಿತ್ತು, ಬರಿಯ ಅಂಗೈ. ಸುರೇಶ ಸಲಿಕೆ ತುಂಬಿಕೊಂಡು, “ಸರ್ಕಳಿ ಅಣ್ಣೋ, ಮಣ್ಣಾಕ್ಬೇಕು,” ಅಂದ. ಅವರು ಕದಲಲಿಲ್ಲ. ಇನ್ನೊಂದು ಸಲ ಕೂಗಿದ. ಕೊನೆಗೆ ಶ್ರೀಲತಾಳೇ ಹೋಗಿ ಅವರ ಮೊಣಕೈ ಹಿಡಿದು ಗುಂಡಿಯ ಅಂಚಿನಿಂದ ಹಿಂದಕ್ಕೆ ಕರೆದುಕೊಂಡಳು.